ಒಳಗಿಳಿದು ಹಿಡಿಯುವ ಲೋಹ

ಪತ್ತನಾಜೆಗೆ ಕೆಲವೇ ದಿನ ಉಳಿದಿರುವಾಗಿನ ಬಯಲಾಟ. ಬೆಳ್ತಂಗಡಿ ಕಡೆಯ ಒಂದು ಗದ್ದೆಯಲ್ಲಿ ರಂಗಸ್ಥಳ. ಸಂಜೆ ಒಂದು ಮಳೆ ಬಂದು ಹೋಗಿದೆ. ಚೌಕಿಯ ಬದಿಯಲ್ಲಿ ಚೆಂಡೆಯವರು ಚೆಂಡೆಯನ್ನು ಬೆಂಕಿಯ ಕಾವಿಗೆ ಹಿಡಿದು, ತಟ್ಟಿ ನೋಡಿ, ಮತ್ತೆ ಕಾವಿಗೆ ಹಿಡಿಯುತ್ತಾರೆ. ಥಂಡಿ ಹೀರಿ ಸಡಿಲಾದ ಮುಚ್ಚಿಗೆ ಕಾವಿಗೆ ಬಿಗಿಯಾದ ಮೇಲೆಯೇ ಅದಕ್ಕೆ ನಾದ ಬರುವುದು. ಅದೇ ಮಳೆಯಲ್ಲಿ ಚೌಕಿಯ ಹೊರಗೆ ಬಿಟ್ಟ ಚರ್ಮದ ಚಪ್ಪಲಿಗಳೂ ನೆನೆದಿವೆ. ಅವನ್ನು ಯಾರೂ ಬೆಂಕಿಗೆ ಹಿಡಿಯುವುದಿಲ್ಲ. ಒಣಗಿದ ಮೇಲೆ ಅವು ಮತ್ತೆ ಮೊದಲಿನಂತೆಯೇ ಮೆತ್ತಗೆ ಇರುತ್ತವೆ.

ಎರಡೂ ಚರ್ಮವೇ. ಚೆಂಡೆಯದು ಹಸಿ ಚರ್ಮವನ್ನು ಬಿಗಿದು ಒಣಗಿಸಿದ್ದು. ಒಣಗುವಾಗ ಅದರ ನಾರುಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿ ಹಾಳೆಯಾಗುತ್ತವೆ, ಹಾಗಾಗಿಯೇ ಅದು ನುಡಿಯುತ್ತದೆ. ಚಪ್ಪಲಿಯ ಚರ್ಮದೊಳಗೆ ಒಂದು ಲೋಹ ಸೇರಿಕೊಂಡು ನಾರುಗಳು ಹಾಗೆ ಅಂಟಿಕೊಳ್ಳದಂತೆ, ಕೊಳೆಯದಂತೆ, ಬಿಸಿಗೆ ಮುದುಡದಂತೆ ಕಾಯುತ್ತಿದೆ. ಆ ಲೋಹ ಕ್ರೋಮಿಯಂ. ಇಂದು ಜಗತ್ತಿನಲ್ಲಿ ತಯಾರಾಗುವ ಚರ್ಮದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಕ್ರೋಮಿಯಂನಿಂದ ಹದವಾದದ್ದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ತಮಿಳುನಾಡಿನ ರಾಣಿಪೇಟೆ, ಆಂಬೂರುಗಳಲ್ಲಿರುವಂಥ ಟ್ಯಾನರಿಗಳ, ಅಂದರೆ ಚರ್ಮ ಹದ ಮಾಡುವ ಕಾರ್ಖಾನೆಗಳ, ಸಾಲು ಇಲ್ಲ. ಆದರೆ ಶಾಲೆಗೆ ಹೋಗುವ ಮಗುವಿನ ಕರಿ ಬೂಟಿನಿಂದ ಮಳೆಗಾಲದಲ್ಲಿ ಕಪಾಟಿನೊಳಗೆ ಬೂಷ್ಟು ಹಿಡಿಯುವ ಬೆಲ್ಟಿನವರೆಗೆ ಕ್ರೋಮ್ ಚರ್ಮ ನಮ್ಮ ಮನೆಗಳಲ್ಲಿ ಇದೆ. ಅದು ಹೇಗೆ ತಯಾರಾಗುತ್ತದೆ ಎಂಬುದರ ಹಿಂದೆ ಎರಡು ಪ್ರಶ್ನೆಗಳಿವೆ. ಲೋಹ ಚರ್ಮದ ಒಳಗೆ ಹೇಗೆ ಇಳಿಯುತ್ತದೆ? ಇಳಿದ ಮೇಲೆ ಹೇಗೆ ಹಿಡಿದುಕೊಳ್ಳುತ್ತದೆ? ಈ ಉದ್ಯಮದ ಗುಣವೂ ಅದು ನದಿಗಳಿಗೆ ತಂದ ಸಂಕಟವೂ ಈ ಎರಡು ಪ್ರಶ್ನೆಗಳಲ್ಲಿಯೇ ಅಡಗಿವೆ ಎಂಬುದು ನನ್ನ ನಂಬಿಕೆ.

ಮೂರೆಳೆಯ ಹಗ್ಗ

ಹಸಿ ಚರ್ಮದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಉಳಿದದ್ದರಲ್ಲಿ ಮುಖ್ಯವಾದದ್ದು ಕೊಲಾಜೆನ್ ಎಂಬ ಪ್ರೋಟೀನು. ಅದರ ಅಣು ಮೂರು ಎಳೆಗಳನ್ನು ಹೊಸೆದ ಹಗ್ಗದಂತಿದೆ: ಉದ್ದ ಸುಮಾರು 300 ನ್ಯಾನೊಮೀಟರ್, ದಪ್ಪ ಒಂದೂವರೆ ನ್ಯಾನೊಮೀಟರ್. ಪ್ರತಿ ಎಳೆಯಲ್ಲಿ ಸುಮಾರು ಸಾವಿರ ಅಮೈನೊ ಆಮ್ಲಗಳಿದ್ದು, ಹೆಚ್ಚುಕಡಿಮೆ ಪ್ರತಿ ಮೂರನೆಯದು ಗ್ಲೈಸಿನ್. ಇಂಥ ಹಗ್ಗಗಳು ಸೇರಿ ಕಿರುನಾರು, ಕಿರುನಾರುಗಳು ಸೇರಿ ನಾರು, ನಾರುಗಳು ಹೆಣೆದುಕೊಂಡು ಚರ್ಮ.

ಈ ಮೂರೆಳೆಯ ರಚನೆಯನ್ನು 1954–55ರಲ್ಲಿ ಮದರಾಸು ವಿಶ್ವವಿದ್ಯಾಲಯದಲ್ಲಿ ಬಿಡಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕಾರ್ತಾ. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು, ಮುಂದೆ ಅದೇ ಸಂಸ್ಥೆಗೆ ಮರಳಿ ಅಣು-ಜೀವಭೌತ ವಿಭಾಗವನ್ನು ಕಟ್ಟಿದವರು. 1948ರಲ್ಲಿ ಶುರುವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಅವರ ಮದರಾಸಿನ ಪ್ರಯೋಗಾಲಯದ ನೆರೆಯಲ್ಲೇ ಇತ್ತು. ಚರ್ಮದ ಅಣು ಹೇಗಿದೆ ಎಂದು ಜಗತ್ತಿಗೆ ಹೇಳಿದ್ದು ದಕ್ಷಿಣ ಭಾರತ ಎಂಬುದು ನಾವು ಮಕ್ಕಳಿಗೆ ಹೇಳಬೇಕಾದ ಸಂಗತಿ.

ಹಸಿ ಚರ್ಮವನ್ನು ನೀರಿನಲ್ಲಿ ಮೆಲ್ಲಗೆ ಬಿಸಿ ಮಾಡಿದರೆ 60–65 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದು ಥಟ್ಟನೆ ಮುದುಡುತ್ತದೆ. ಮೂರೆಳೆಯ ಹೊಸೆತ ಬಿಚ್ಚಿಹೋಗುವ ಉಷ್ಣತೆ ಅದು. ಇದಕ್ಕೆ ಮುದುಡುವ ಉಷ್ಣತೆ ಎನ್ನುತ್ತಾರೆ. ಹದ ಎಷ್ಟು ಕೂತಿದೆ ಎಂದು ಅಳೆಯುವ ಮುಖ್ಯ ಅಳತೆಗೋಲು ಇದು.

ಒಗರಿನ ಕಾಲ

ಕ್ರೋಮಿಯಂ ಬರುವ ಮೊದಲು ಚರ್ಮವನ್ನು ಉಳಿಸುತ್ತಿದ್ದದ್ದು ಒಗರು. ಎಳೆ ಅಡಿಕೆ ಅಗಿದಾಗ ಬಾಯಿ ಒಗರುವುದು ಅದರ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ. ಮರದ ತೊಗಟೆಯ ರಸದಲ್ಲಿ ಚರ್ಮ ನೆನೆಸಿದಾಗ ಆಗುವುದೂ ಅದೇ ಕ್ರಿಯೆ. ಬಯಲುಸೀಮೆಯಲ್ಲಿ ತಂಗಡಿ ತೊಗಟೆ, ಜಾಲಿ ತೊಗಟೆ, ಘಟ್ಟದ ಕಾಡಿನಿಂದ ಬರುವ ಅಳಲೆಕಾಯಿ ಇದಕ್ಕೆ ಬಳಕೆಯಾಗುತ್ತಿದ್ದವು. ಹನ್ನೆರಡನೆಯ ಶತಮಾನದ ಶರಣ ಡೋಹರ ಕಕ್ಕಯ್ಯನವರ ಕಾಯಕವೇ ಚರ್ಮ ಹದ ಮಾಡುವುದು. ಅಥಣಿ, ನಿಪ್ಪಾಣಿ ಸೀಮೆಯಲ್ಲಿ ಚರ್ಮವನ್ನು ಚೀಲದಂತೆ ಹೊಲಿದು, ಒಳಗೆ ತೊಗಟೆಯ ರಸ ತುಂಬಿ ನೇತುಹಾಕುವ ಪದ್ಧತಿ ಬಹುಕಾಲದಿಂದ ಬಂದಿದೆ. ಅಲ್ಲಿ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರ ವ್ಯಾಪ್ತಿಯಲ್ಲಿವೆ.

ಒಗರಿನ ಹದಕ್ಕೆ ವಾರಗಟ್ಟಲೆ ಸಮಯ ಬೇಕು. ಟ್ಯಾನಿನ್ ಅಣು ದೊಡ್ಡದು, ದಪ್ಪ ಚರ್ಮದ ನಡುವಿಗೆ ತಲುಪಲು ನಿಧಾನ. ಅದು ಚರ್ಮವನ್ನು ತುಂಬುತ್ತದೆ, ತೂಕ ಕೊಡುತ್ತದೆ, ಅಟ್ಟೆಗೆ ಬೇಕಾದ ಗಟ್ಟಿತನ ಕೊಡುತ್ತದೆ. ಆದರೆ ಮುದುಡುವ ಉಷ್ಣತೆ 75–85 ಡಿಗ್ರಿಗಿಂತ ಮೇಲೇರುವುದು ಕಷ್ಟ.

ಕ್ರೋಮ್ ಬಂದ ದಾರಿ

ಕ್ರೋಮಿಯಂ ಲವಣಗಳಿಗೆ ಚರ್ಮ ಹದ ಮಾಡುವ ಗುಣವಿದೆ ಎಂದು 1858ರಲ್ಲಿ ಜರ್ಮನಿಯ ಫ್ರೆಡ್ರಿಕ್ ಕ್ನಾಪ್ ಬರೆದರು. 1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಸ್ ಎರಡು ತೊಟ್ಟಿಗಳ ವಿಧಾನಕ್ಕೆ ಪೇಟೆಂಟ್ ಪಡೆದರು. 1893ರಲ್ಲಿ ಮಾರ್ಟಿನ್ ಡೆನ್ನಿಸ್ ಒಂದೇ ತೊಟ್ಟಿಯ ವಿಧಾನ ತಂದರು. ಇಂದಿನ ಟ್ಯಾನರಿಗಳು ನಡೆಯುತ್ತಿರುವುದು ಈ ಕೊನೆಯ ದಾರಿಯಲ್ಲಿ.

ನಮ್ಮ ಕಡೆಗೆ ಅದು ಬಂದದ್ದು ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರ್ ಮೂಲಕ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವರು ಮದರಾಸಿನಲ್ಲಿ ಕ್ರೋಮ್ ಹದದ ಪ್ರಯೋಗ ನಡೆಸಿದರು. ಬಂಟ್ವಾಳವೂ ಮೂಡುಬಿದಿರೆಯೂ ಆಗ ಅದೇ ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ಅವರ ಗಮನ ಬೂಟಿನ ಮೇಲಷ್ಟೇ ಇರಲಿಲ್ಲ. ಕಪಿಲೆ ಬಾವಿಯಿಂದ ನೀರೆತ್ತುವ ಚರ್ಮದ ಬಾನಿ ಸದಾ ನೀರಿನಲ್ಲಿ ನೆನೆದು ಬೇಗ ಹಾಳಾಗುತ್ತಿತ್ತು, ಕ್ರೋಮ್ ಚರ್ಮ ನೀರಿಗೆ ಹೆಚ್ಚು ಬಾಳುತ್ತಿತ್ತು. ರೈತನ ನೀರಿನ ಕಷ್ಟ ಈ ವಿದ್ಯೆಗೆ ಒಂದು ಬಾಗಿಲು ತೆರೆಯಿತು. ಚಾಟರ್ಟನ್ ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ಬೆಂಗಳೂರಿನ ಟ್ಯಾನರಿ ರಸ್ತೆಯ ಹೆಸರು, ಮದರಾಸಿನ ಕ್ರೋಂಪೇಟೆಯ ಹೆಸರು ಆ ಉದ್ಯಮದ ಗುರುತಾಗಿ ಉಳಿದಿವೆ.

ಕ್ರೋಮಿಯಂ ಸಿಗುವುದು ಕ್ರೋಮೈಟ್ ಅದಿರಿನಿಂದ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸುತ್ತಿನ ಬೈರಾಪುರದಲ್ಲಿ ಅದರ ನಿಕ್ಷೇಪ ಇದೆ. ಆದರೆ ದೇಶದ ನಿಕ್ಷೇಪದ ಬಹುಪಾಲು ಇರುವುದು ಒಡಿಶಾದ ಸುಕಿಂದಾ ಕಣಿವೆಯಲ್ಲಿ. ಅದಿರನ್ನು ಸೋಡಾ ಜೊತೆ ಹುರಿದು, ಬಂದದ್ದಕ್ಕೆ ಆಮ್ಲ ಸೇರಿಸಿದರೆ ಡೈಕ್ರೋಮೇಟ್ ಬರುತ್ತದೆ. ಇದು ಆರು ವೇಲೆನ್ಸಿಯ ಕ್ರೋಮಿಯಂ, ಘೋರ ವಿಷ. ಅದನ್ನು ಆಮ್ಲದಲ್ಲಿ ಕಾಕಂಬಿಯ ಸಕ್ಕರೆಯಿಂದಲೋ ಗಂಧಕದ ಡೈಆಕ್ಸೈಡಿನಿಂದಲೋ ಇಳಿಸಿದಾಗ ಮೂರು ವೇಲೆನ್ಸಿಯ ಹಸಿರು ಪುಡಿ ಸಿಗುತ್ತದೆ. ಟ್ಯಾನರಿಗೆ ಬರುವುದು ಈ ಪುಡಿ, ಅಂದರೆ ಬೇಸಿಕ್ ಕ್ರೋಮಿಯಂ ಸಲ್ಫೇಟ್.

ಮಿಡಿಗೆ ಉಪ್ಪು: ಒಳಗಿಳಿಯುವ ಹೊತ್ತು

ಹಸಿ ಚರ್ಮವನ್ನು ನೇರ ಕ್ರೋಮಿಗೆ ಹಾಕುವುದಿಲ್ಲ. ಮೊದಲು ನೀರಿನಲ್ಲಿ ನೆನೆಸಿ, ಕೆಡದಿರಲೆಂದು ಹಾಕಿದ್ದ ಉಪ್ಪು ಕಳೆಯಬೇಕು. ಬಳಿಕ ಸುಣ್ಣ ಮತ್ತು ಸೋಡಿಯಂ ಸಲ್ಫೈಡ್ ಹಾಕಿದ ನೀರು. ಪಿಎಚ್ 12ರ ಆಚೆ. ಕೂದಲು ಕಳಚುತ್ತದೆ, ಚರ್ಮ ಉಬ್ಬುತ್ತದೆ, ನಾರುಗಳ ನಡುವೆ ಅಂಟಾಗಿದ್ದ ಬೇರೆ ಪ್ರೋಟೀನುಗಳು ಹೋಗಿ ದಾರಿ ತೆರೆದುಕೊಳ್ಳುತ್ತದೆ. ಮಾಂಸ ಹೆರೆದು, ದಪ್ಪವಿದ್ದರೆ ಸೀಳಿ, ಸುಣ್ಣ ತೆಗೆದು, ಕಿಣ್ವದಿಂದ ಇನ್ನಷ್ಟು ಬಿಡಿಸಿದ ಮೇಲೆ ಬರುವ ಹಂತಕ್ಕೆ ಟ್ಯಾನರಿಯವರ ಹೆಸರು ಪಿಕಲ್, ಅಂದರೆ ಉಪ್ಪಿನಕಾಯಿ.

ಆ ಹೆಸರು ಬಹಳ ಸರಿಯಾದದ್ದು. ಮಾವಿನ ಮಿಡಿಗೆ ನೇರ ಖಾರ ಕಲಸುವುದಿಲ್ಲ. ಮೊದಲು ಉಪ್ಪಿನಲ್ಲಿ ಹಾಕಿ, ನೀರು ಬಿಟ್ಟು ಮಿಡಿ ಚಿರುಟಿದ ಮೇಲೆ ಖಾರ. ಹಾಗೆ ಮಾಡದಿದ್ದರೆ ಖಾರ ಸಿಪ್ಪೆಯ ಮೇಲೇ ಉಳಿಯುತ್ತದೆ, ಒಳಗು ಕೊಳೆಯುತ್ತದೆ. ಚರ್ಮಕ್ಕೂ ಮೊದಲು ಉಪ್ಪಿನ ನೀರು, ಆಮೇಲೆ ಗಂಧಕಾಮ್ಲ, ಫಾರ್ಮಿಕ್ ಆಮ್ಲ. ಉಪ್ಪಿಲ್ಲದೆ ಆಮ್ಲ ಹಾಕಿದರೆ ಚರ್ಮ ಬಾತುಕೊಂಡು ಹಾಳಾಗುತ್ತದೆ. ಹೀಗೆ ಪಿಎಚ್ 2.5ರಿಂದ 3ರ ನಡುವೆ ತಂದು ನಿಲ್ಲಿಸುತ್ತಾರೆ.

ಕೊಲಾಜೆನ್ ಎಳೆಗಳಿಂದ ಹೊರಚಾಚಿರುವ ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳ ತುದಿಯಲ್ಲಿ ಕಾರ್ಬಾಕ್ಸಿಲ್ ಗುಂಪುಗಳಿವೆ. ಕ್ರೋಮಿಯಂ ಹಿಡಿಯುವುದು ಇವುಗಳ ಕೈಯನ್ನು. ಪಿಎಚ್ 4ರ ಆಸುಪಾಸಿನಲ್ಲಿ ಈ ಕೈಗಳು ತೆರೆಯುತ್ತವೆ. ಅದಕ್ಕಿಂತ ಸಾಕಷ್ಟು ಹುಳಿಯಾದ ನೀರಿನಲ್ಲಿ ಬಹುಪಾಲು ಕೈಗಳು ಒಂದೊಂದು ಹೈಡ್ರೋಜನ್ ಹಿಡಿದು ಮುಚ್ಚಿಕೊಂಡಿರುತ್ತವೆ. ಆಗ ಹಾಕಿದ ಕ್ರೋಮಿಯಂ ಮೇಲ್ಪದರದಲ್ಲೇ ಸಿಕ್ಕಿಹಾಕಿಕೊಳ್ಳದೆ ನಡುವಿನ ತನಕ ಹೋಗುತ್ತದೆ. ಹುಳಿಯಲ್ಲಿ ಕ್ರೋಮಿಯಂ ಸಂಯುಕ್ತಗಳೂ ಚಿಕ್ಕವಾಗಿಯೇ ಇರುತ್ತವೆ, ಕಿರಿದಾದ ಸಂದಿಗಳಲ್ಲಿ ನುಗ್ಗಲು ಅದೂ ಅನುಕೂಲ.

ಚರ್ಮದ ತೂಕಕ್ಕೆ ನೂರಕ್ಕೆ ಆರರಿಂದ ಎಂಟರಷ್ಟು ಪುಡಿ ಹಾಕಿ ಮರದ ದೊಡ್ಡ ಡ್ರಮ್ಮುಗಳನ್ನು ತಿರುಗಿಸುತ್ತಾರೆ. ಚರ್ಮ ಎದ್ದು ಬಿದ್ದು ಹಿಂಡಿದಂತಾಗಿ ದ್ರಾವಣ ಒಳಹೋಗುತ್ತದೆ. ಇಲ್ಲಿ ದಪ್ಪದ ಲೆಕ್ಕ ಬಿಗಿಯಾದದ್ದು. ವಸ್ತುವೊಂದು ಹರಡಿಕೊಳ್ಳುತ್ತಾ ಒಳಗಿಳಿಯಲು ಬೇಕಾದ ಸಮಯ ದಪ್ಪದ ವರ್ಗದಂತೆ ಏರುತ್ತದೆ. ಒಂದು ಮಿಲಿಮೀಟರಿನ ಆಡಿನ ಚರ್ಮಕ್ಕೆ ಒಂದು ಪಾಲು ಸಮಯ ಬೇಕಾದರೆ, ನಾಲ್ಕು ಮಿಲಿಮೀಟರಿನ ಎಮ್ಮೆಯ ಚರ್ಮಕ್ಕೆ ಬರೀ ಈ ಲೆಕ್ಕದಲ್ಲೇ ಹದಿನಾರು ಪಾಲು. ದಪ್ಪ ಚರ್ಮವನ್ನು ಮೊದಲೇ ಸೀಳುವುದು, ಡ್ರಮ್ಮು ತಿರುಗಿಸುವುದು ಈ ಕಾರಣಕ್ಕೆ.

ಒಳಗಿಳಿದಿದೆಯೇ ಎಂದು ನೋಡುವ ಕ್ರಮ ಸರಳ. ಚರ್ಮದ ಅತಿ ದಪ್ಪ ಭಾಗದಿಂದ ಒಂದು ತುಂಡು ಕತ್ತರಿಸಿ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿಯುತ್ತಾರೆ. ಕ್ರೋಮಿಯಂ ತಲುಪಿದ ಎರಡೂ ಬದಿ ನೀಲಿ ಇದ್ದು ನಡುವೆ ಬಿಳಿ ಗೆರೆ ಉಳಿದಿದ್ದರೆ ಡ್ರಮ್ಮು ಇನ್ನೂ ತಿರುಗಬೇಕು. ಗೆರೆ ಮಾಯವಾಗುವವರೆಗೆ ಮುಂದಿನ ಹೆಜ್ಜೆ ಇಲ್ಲ. ಟ್ಯಾನರಿಯ ಇಡೀ ವಿವೇಕ ಈ ಬಿಳಿ ಗೆರೆಯನ್ನು ಕಾಯುವುದರಲ್ಲಿದೆ.

ಹಿಡಿಯುವ ಹೊತ್ತು

ಈಗ ಹಿಡಿಸಬೇಕು. ಅಡುಗೆ ಸೋಡಾ ಎಂದು ನಾವು ಕರೆಯುವ ಸೋಡಿಯಂ ಬೈಕಾರ್ಬೊನೇಟನ್ನು ನೀರಿನಲ್ಲಿ ಕರಗಿಸಿ, ಕಂತು ಕಂತಾಗಿ, ಗಂಟೆಗಟ್ಟಲೆ ಸಮಯ ತೆಗೆದುಕೊಂಡು ಸೇರಿಸುತ್ತಾರೆ. ಪಿಎಚ್ ಮೆಲ್ಲಗೆ 3.6ರಿಂದ 4ರವರೆಗೆ ಏರುತ್ತದೆ, ನೀರನ್ನು 40 ಡಿಗ್ರಿಯ ಸನಿಹಕ್ಕೆ ಬಿಸಿ ಮಾಡುತ್ತಾರೆ. ಆಗ ಎರಡು ಬದಲಾವಣೆ ಒಟ್ಟಿಗೆ ನಡೆಯುತ್ತವೆ. ಕಾರ್ಬಾಕ್ಸಿಲ್ ಕೈಗಳು ತೆರೆಯುತ್ತವೆ. ಕ್ರೋಮಿಯಂ ಪರಮಾಣುಗಳು ಹೈಡ್ರಾಕ್ಸಿಲ್ ಸೇತುವೆಗಳ ಮೂಲಕ ಎರಡು, ಮೂರು, ನಾಲ್ಕರ ಗುಂಪುಗಳಾಗಿ ಬೆಳೆಯುತ್ತವೆ. ಬೆಳೆದ ಗುಂಪು ಅಕ್ಕಪಕ್ಕದ ಎಳೆಗಳ ಕೈಗಳನ್ನು ತಲುಪಬಲ್ಲದು.

ಅವಸರ ಮಾಡಿ ಸೋಡಾ ಒಮ್ಮೆಲೇ ಸುರಿದರೆ ಮೇಲ್ಪದರದಲ್ಲೇ ಕ್ರೋಮ್ ಗಟ್ಟಿಯಾಗಿ ಕೂತು ಒಳಗು ಹಸಿಯಾಗಿ ಉಳಿಯುತ್ತದೆ. ಮೇಲ್ಮೈ ಒರಟಾಗುತ್ತದೆ, ಹಸಿರು ಕಲೆ ಬೀಳುತ್ತದೆ. ಇದನ್ನು ತಪ್ಪಿಸಲು ಫಾರ್ಮೇಟ್‌ನಂಥ ಲವಣಗಳನ್ನು ಸೇರಿಸುವುದುಂಟು. ಅವು ಕ್ರೋಮಿಯಂನ ಕೆಲವು ಜಾಗಗಳನ್ನು ತಾತ್ಕಾಲಿಕವಾಗಿ ಹಿಡಿದಿಟ್ಟು ಅದರ ಆತುರವನ್ನು ತಗ್ಗಿಸುತ್ತವೆ.

ಕೊನೆಯ ಪರೀಕ್ಷೆ ಕುದಿನೀರಿನದು. ಒಂದು ಚಿಕ್ಕ ತುಂಡನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುತ್ತಾರೆ. ತುಂಡನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಬಿಟ್ಟು ತೆಗೆದು ಮತ್ತೆ ಗೆರೆಯೊಳಗೆ ಇಡುತ್ತಾರೆ. ಗೆರೆಗೆ ಸರಿಯಾಗಿ ಕೂತರೆ ಹದ ಬಂದಿದೆ. ಹಸಿ ಚರ್ಮವಾದರೆ ಮುದುಡಿ ರಬ್ಬರಿನ ಉಂಡೆಯಾಗುತ್ತಿತ್ತು. ಚೆನ್ನಾಗಿ ಹದವಾದ ಕ್ರೋಮ್ ಚರ್ಮದ ಮುದುಡುವ ಉಷ್ಣತೆ 100 ಡಿಗ್ರಿ ದಾಟುತ್ತದೆ. ವಾರಗಳ ಕೆಲಸ ಹೆಚ್ಚುಕಡಿಮೆ ಒಂದು ದಿನಕ್ಕೆ ಇಳಿದದ್ದು ಹೀಗೆ. ತೇವವಿರುವ ಈ ನೀಲಿ ಚರ್ಮಕ್ಕೆ ಮಾರುಕಟ್ಟೆಯಲ್ಲಿ ವೆಟ್ ಬ್ಲೂ ಎಂದೇ ಹೆಸರು. ಅದರ ಒಣ ತೂಕದಲ್ಲಿ ಕ್ರೋಮಿಯಂ ಆಕ್ಸೈಡ್ ನೂರಕ್ಕೆ ನಾಲ್ಕರ ಆಸುಪಾಸು ಮಾತ್ರ.

ಇನ್ನೂ ಮುಗಿಯದ ಚರ್ಚೆ

ಇಷ್ಟು ಕಡಿಮೆ ಲೋಹ ಇಷ್ಟು ದೊಡ್ಡ ಬದಲಾವಣೆ ತರುವುದು ಹೇಗೆ? ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಸ್ವೀಡನ್ನಿನ ಕೆ. ಎಚ್. ಗುಸ್ತಾವ್‌ಸನ್ ಮುಂತಾದವರು ಕಾರ್ಬಾಕ್ಸಿಲ್ ಗುಂಪೇ ಹಿಡಿತದ ಜಾಗ ಎಂದು ತೋರಿಸಿದರು. ಆ ಗುಂಪುಗಳನ್ನು ರಾಸಾಯನಿಕವಾಗಿ ಮುಚ್ಚಿಬಿಟ್ಟರೆ ಚರ್ಮ ಕ್ರೋಮಿಯಂ ಹಿಡಿಯುವುದು ತೀರಾ ಕಡಿಮೆಯಾಗುತ್ತದೆ. ಎಳೆಯಿಂದ ಎಳೆಗೆ ಅಡ್ಡ ಸೇತುವೆ ಕಟ್ಟುವುದರಿಂದ ಚರ್ಮ ಬಿಸಿಗೆ ನಿಲ್ಲುತ್ತದೆ ಎಂಬುದು ಆಗಿನಿಂದ ಬಂದ ವಿವರಣೆ.

ಆದರೆ ಬಹಳಷ್ಟು ಕ್ರೋಮಿಯಂ ಒಂದೇ ಕೈಗೆ ಕಟ್ಟಿಕೊಂಡು ನಿಲ್ಲುತ್ತದೆ, ಸೇತುವೆಯಾಗುವುದು ಸ್ವಲ್ಪವೇ. ಗ್ಲುಟರಾಲ್ಡಿಹೈಡ್‌ನಂಥ ವಸ್ತುಗಳು ಸೇತುವೆ ಕಟ್ಟಿದರೂ ಚರ್ಮ 85 ಡಿಗ್ರಿಯ ಹೊತ್ತಿಗೇ ಸೋಲುತ್ತದೆ. ಕ್ರೋಮಿಯಂ ಸಲ್ಫೇಟಿನ ಬದಲು ಕ್ರೋಮಿಯಂ ಕ್ಲೋರೈಡ್ ಬಳಸಿದರೆ ಹದದ ಬಿಸಿ ತಾಳಿಕೆ ಕಡಿಮೆ. ಹಾಗಾದರೆ ಸಲ್ಫೇಟಿಗೂ ಪಾತ್ರವಿದೆ ಎಂದಾಯಿತು. ಇದನ್ನು ಹಿಡಿದು ಇಂಗ್ಲೆಂಡಿನ ನಾರ್ಥಾಂಪ್ಟನ್‌ನ ಆಂಟನಿ ಕವಿಂಗ್ಟನ್ ಬೇರೆ ವಿವರಣೆ ಮುಂದಿಟ್ಟರು. ಕ್ರೋಮಿಯಂ ಮೊದಲು ಎಳೆಗೆ ಕೊಂಡಿಯಾಗುತ್ತದೆ. ಅನಂತರ ಸಲ್ಫೇಟ್ ಮತ್ತು ನೀರಿನ ಅಣುಗಳು ಆ ಕೊಂಡಿಗಳನ್ನು ಜೋಡಿಸಿ ಎಳೆಗಳ ಸುತ್ತ ಒಂದು ಕವಚವನ್ನೇ ಕಟ್ಟುತ್ತವೆ. ಹೊಸೆತ ಬಿಚ್ಚಿಕೊಳ್ಳಲು ಜಾಗ ಇಲ್ಲದಾಗುವುದು ಈ ಕವಚದಿಂದ. ಸಾಕ್ಷ್ಯಗಳ ಒಲವು ಈ ವಿವರಣೆಯ ಕಡೆಗಿದೆ ಎಂದು ನನಗೆ ಅನಿಸುತ್ತದೆ. ಒಂಟಿ ಸೇತುವೆಗಳ ಚಿತ್ರ ಸಲ್ಫೇಟಿನ ಪ್ರಭಾವವನ್ನು ವಿವರಿಸಲಾರದು.

ಹಿಡಿತ ಬಿಡದಿರುವುದಕ್ಕೆ ಕ್ರೋಮಿಯಂನ ಸ್ವಭಾವವೂ ಕಾರಣ. ಮೂರು ವೇಲೆನ್ಸಿಯ ಕ್ರೋಮಿಯಂ ತನಗೆ ಅಂಟಿದ್ದನ್ನು ಸುಲಭಕ್ಕೆ ಬದಲಿಸುವುದಿಲ್ಲ. ನೀರಿನಲ್ಲಿ ಅಲ್ಯೂಮಿನಿಯಂ ತನ್ನ ಸುತ್ತಲಿನ ನೀರಿನ ಅಣುವೊಂದನ್ನು ಬದಲಿಸಲು ಸುಮಾರು ಒಂದು ಸೆಕೆಂಡು ಸಾಕು. ಬರಿಯ ಕ್ರೋಮಿಯಂಗೆ ದಿನಗಳೇ ಬೇಕು. ಅಲ್ಯೂಮಿನಿಯಂ ಲವಣವಾದ ಪಟಿಕದಿಂದ ಹದ ಮಾಡಿದ ಚರ್ಮ ತೊಳೆದರೆ ಹದ ಬಿಡುವುದೂ, ಕ್ರೋಮ್ ಚರ್ಮ ಮಳೆಗೆ ನಿಲ್ಲುವುದೂ ಇದರಿಂದಲೇ. ಪಿಎಚ್ ಏರಿ ಹೈಡ್ರಾಕ್ಸಿಲ್ ಸೇರಿದಾಗ ಕ್ರೋಮಿಯಂ ತುಸು ಚುರುಕಾಗುತ್ತದೆ, ಆ ಕಿಂಡಿಯಲ್ಲಿ ಟ್ಯಾನರಿಯ ಕೆಲಸ ಮುಗಿಯಬೇಕು.

ಹಿಡಿಯದೆ ಉಳಿದದ್ದು

ಸಾಮಾನ್ಯ ವಿಧಾನದಲ್ಲಿ ಹಾಕಿದ ಕ್ರೋಮಿಯಂನಲ್ಲಿ ನೂರಕ್ಕೆ ಅರವತ್ತು, ಎಪ್ಪತ್ತು ಪಾಲು ಚರ್ಮಕ್ಕೆ ಹಿಡಿಯುತ್ತದೆ. ಉಳಿದದ್ದು ನೀರಿನಲ್ಲಿ. ಅದರ ಜೊತೆ ಪಿಕಲ್‌ನ ಉಪ್ಪು, ಸುಣ್ಣ, ಸಲ್ಫೈಡ್. ದಶಕಗಳ ಕಾಲ ಈ ನೀರು ತಮಿಳುನಾಡಿನ ಪಾಲಾರ್ ಕಣಿವೆಯ ಬಾವಿ, ಹೊಲಗಳಿಗೆ ಹರಿಯಿತು. ವೆಲ್ಲೂರು ನಾಗರಿಕರ ವೇದಿಕೆ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1996ರ ಆಗಸ್ಟ್ 28ರಂದು ತೀರ್ಪು ಕೊಟ್ಟು, ಮಲಿನ ಮಾಡಿದವರೇ ಅದರ ಬೆಲೆ ತೆರಬೇಕು ಎಂಬ ತತ್ವವನ್ನು ದೇಶದ ಕಾನೂನಿನ ಭಾಗವೆಂದು ಸಾರಿತು. ಪ್ರತಿ ಟ್ಯಾನರಿಗೆ ಹತ್ತು ಸಾವಿರ ರೂಪಾಯಿ ದಂಡವನ್ನೂ ಹಾಕಿತು. ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯೊಂದರ ಕಸದ ಗುಡ್ಡ ಬೇರೆಯೇ ಸಮಸ್ಯೆ. ಅದು ಚರ್ಮ ಹದ ಮಾಡಿದ್ದರಿಂದ ಬಂದದ್ದಲ್ಲ, ಅದಿರನ್ನು ಡೈಕ್ರೋಮೇಟ್ ಮಾಡುವ ಹಂತದ್ದು. ಅಲ್ಲಿ ಇರುವುದು ವಿಷಕಾರಿಯಾದ ಆರರ ಕ್ರೋಮಿಯಂ.

ಚರ್ಮದೊಳಗಿನ ಮೂರರ ಕ್ರೋಮಿಯಂ ಕೂಡ ಅತಿ ಬಿಸಿ, ಬಿಸಿಲು, ಕ್ಷಾರ, ಕೆಲವು ಎಣ್ಣೆಗಳ ಸಂಗದಲ್ಲಿ ಅಲ್ಪ ಪ್ರಮಾಣದಲ್ಲಿ ಆರಕ್ಕೆ ಏರಬಲ್ಲದು. ಆರರ ಕ್ರೋಮಿಯಂ ಕ್ಯಾನ್ಸರ್‌ಕಾರಕ, ಚರ್ಮದ ಅಲರ್ಜಿಗೂ ಕಾರಣ. ಮೈಗೆ ತಾಗುವ ಚರ್ಮದ ವಸ್ತುಗಳಲ್ಲಿ ಅದು ಕಿಲೋಗೆ 3 ಮಿಲಿಗ್ರಾಂ ತಲುಪಬಾರದು ಎಂಬ ನಿಯಮ ಯುರೋಪಿನ ಒಕ್ಕೂಟದಲ್ಲಿ 2015ರ ಮೇ 1ರಿಂದ ಜಾರಿಯಲ್ಲಿದೆ.

ಬೇರೆ ದಾರಿಗಳು

ಪರಿಹಾರಗಳೂ ಅದೇ ಎರಡು ಪ್ರಶ್ನೆಗಳ ಸುತ್ತ ಇವೆ. ಬಳಸಿದ ದ್ರಾವಣಕ್ಕೆ ಮೆಗ್ನೀಷಿಯಂ ಆಕ್ಸೈಡ್ ಹಾಕಿ ಕ್ರೋಮಿಯಂ ತಳಕ್ಕಿಳಿಸಿ, ಗಂಧಕಾಮ್ಲದಲ್ಲಿ ಕರಗಿಸಿ ಮರುಬಳಸುವ ವಿಧಾನವನ್ನು ಚೆನ್ನೈನ ಚರ್ಮ ಸಂಶೋಧನಾ ಸಂಸ್ಥೆ ಟ್ಯಾನರಿಗಳಿಗೆ ತಲುಪಿಸಿದೆ. ಹಿಡಿತವನ್ನೇ ನೂರಕ್ಕೆ ತೊಂಬತ್ತರಾಚೆಗೆ ಏರಿಸುವ ವಿಧಾನಗಳೂ ಇವೆ.

ಕ್ರೋಮಿಯಂ ಇಲ್ಲದೆ ಕುದಿನೀರಿಗೆ ನಿಲ್ಲುವ ಚರ್ಮವೂ ಸಾಧ್ಯ. ಅಳಲೆಕಾಯಿಯ ಟ್ಯಾನಿನ್ ಹಾಕಿ, ಆಮೇಲೆ ಅಲ್ಯೂಮಿನಿಯಂ ಲವಣ ಕೊಟ್ಟರೆ ಎರಡೂ ಸೇರಿ ಗಟ್ಟಿ ಜಾಲವಾಗಿ ಮುದುಡುವ ಉಷ್ಣತೆ 100 ಡಿಗ್ರಿ ದಾಟುತ್ತದೆ. ಒಂದೊಂದೇ ಆದರೆ ಸೋಲುವ ಎರಡು ವಸ್ತುಗಳು ಕೂಡಿದಾಗ ಗೆಲ್ಲುತ್ತವೆ. ಅಳಲೆ ನಮ್ಮ ಘಟ್ಟದ ಮರ. ಇನ್ನು ಗೇರುಬೀಜದ ಕಾರ್ಖಾನೆಗಳು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಜನರಿಗೆ, ಅದರಲ್ಲೂ ಹೆಂಗಸರಿಗೆ, ದಿನದ ದುಡಿಮೆಯ ಜಾಗ. ಅಲ್ಲಿ ತಿರುಳಿನ ಮೇಲಿನ ಕೆಂಪು ಸಿಪ್ಪೆಯನ್ನು ಬೆರಳಿನಿಂದ ಬಿಡಿಸುತ್ತಾರೆ. ಆ ಸಿಪ್ಪೆಯ ಸುಮಾರು ಕಾಲು ಪಾಲು ಟ್ಯಾನಿನ್, ಅದನ್ನು ಚರ್ಮ ಹದಕ್ಕೆ ಬಳಸಬಹುದು. ಕಸವೆಂದು ಗುಡಿಸುವ ಸಿಪ್ಪೆಗೆ ಬೆಲೆ ಬರುವುದು ನಮ್ಮ ಊರಿಗೆ ಸಣ್ಣ ಲಾಭವಲ್ಲ.

ಆದರೂ ಗಿಡದ ಹದ ಎಂದ ಮಾತ್ರಕ್ಕೆ ಅದು ಶುದ್ಧ ಎಂದು ಹೇಳಲಾಗದು. ಅದರ ಕಪ್ಪು ನೀರು ನದಿಯ ಆಮ್ಲಜನಕವನ್ನು ಹೀರುತ್ತದೆ. ಯಾವ ಹದವಾದರೂ ಕೇಳಬೇಕಾದ ಪ್ರಶ್ನೆ ಒಂದೇ: ಹಾಕಿದ್ದರಲ್ಲಿ ಎಷ್ಟು ಚರ್ಮಕ್ಕೆ ಹಿಡಿಯಿತು, ಉಳಿದದ್ದು ಎಲ್ಲಿಗೆ ಹೋಯಿತು?

ಬಚ್ಚಲ ಒಲೆಯ ಮುಂದೆ

ಈ ಪ್ರಶ್ನೆ ನಮ್ಮ ಮನೆಗೂ ಬರುತ್ತದೆ. ನಮ್ಮ ಕಡೆ ಹರಿದ ಚಪ್ಪಲಿ, ಹಳೆಯ ಬೂಟು, ಬೆಲ್ಟು ಬಚ್ಚಲ ಒಲೆಗೆ ಬೀಳುವುದು ಹೊಸದಲ್ಲ. ನೀರು ಕಾಯುತ್ತದೆ, ಕಸ ಮುಗಿಯುತ್ತದೆ. ಒಲೆಯ ಬೂದಿ ತೆಂಗಿನ, ಅಡಿಕೆಯ ಬುಡಕ್ಕೆ. ಆದರೆ ಕ್ರೋಮ್ ಚರ್ಮ ಸುಡುವಾಗ ಗಾಳಿಯ ಆಮ್ಲಜನಕವೂ ಕಟ್ಟಿಗೆ ಬೂದಿಯ ಕ್ಷಾರವೂ ಬಿಸಿಯೂ ಒಂದೇ ಜಾಗದಲ್ಲಿ ಸೇರುತ್ತವೆ. ಮೂರರ ಕ್ರೋಮಿಯಂ ಆರಕ್ಕೆ ಏರಲು ಇದಕ್ಕಿಂತ ಅನುಕೂಲವಾದ ಜಾಗ ಬೇಕಿಲ್ಲ. ಅದಿರಿನಿಂದ ಡೈಕ್ರೋಮೇಟ್ ಮಾಡುವ ಕಾರ್ಖಾನೆಯ ಭಟ್ಟಿಯಲ್ಲಿ ನಡೆಯುವುದೂ ಮೂಲತಃ ಇದೇ. ಆರರ ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಜೂನ್ ತಿಂಗಳ ಮಳೆ ಆ ಬೂದಿಯನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಹೇಳಬೇಕಿಲ್ಲ. ತೋಟದ ಕೆಳಗೆ ಬಾವಿ, ಅದರಾಚೆ ತೋಡು, ತೋಡಿನಾಚೆ ನೇತ್ರಾವತಿ. ಅದೇ ನದಿಯ ನೀರನ್ನು ಬಂಟ್ವಾಳದ ತುಂಬೆಯಲ್ಲಿ ತಡೆದು ಮಂಗಳೂರಿಗೆ ಕುಡಿಯಲು ಕೊಡುತ್ತೇವೆ.

ಹಾಗಾಗಿ ಕ್ರೋಮ್ ಚರ್ಮವನ್ನು ಸುಡಬೇಡಿ. ಹೊಲಿಸಿ, ಮತ್ತೆ ಮೆಟ್ಟಿ. ತೀರಾ ಹರಿದರೆ ಒಣಕಸದೊಂದಿಗೆ ಕೊಡಿ. ಬಿಳಿ ಗೆರೆ ಮಾಯವಾಗುವ ತನಕ ಕಾದು ನಿಂತ ಯಾರೋ ಒಬ್ಬ ಕೆಲಸಗಾರನ ಕೈಯಲ್ಲಿ ಆ ಲೋಹ ಚರ್ಮಕ್ಕೆ ಕೂತಿದೆ. ಅದನ್ನು ಬಿಡಿಸಿ ನೀರಿಗೆ ಹರಿಯಬಿಡುವ ಕೆಲಸ ನಮ್ಮ ಒಲೆಯಿಂದ ಆಗಬಾರದು.